ಕೆಂಪು ಕೀ ಆರುವವರೆಗೆ

ಮಿಣುಕಿತು, ಆರಿತು, ಮತ್ತೆ ಮಿಣುಕಿತು, ಸ್ಪೀಡೋಮೀಟರಿನ ಬಲಮೂಲೆಯಲ್ಲಿ ಕಿರುಬೆರಳ ಉಗುರಿನಷ್ಟು ಕೆಂಪು ಕೀ, ಕೀ ಆಕಾರದ ದೀಪ, ಸೆಕೆಂಡಿಗೊಂದು ಸಲ, ಮತ್ತು ಗಾಜಿನಾಚೆ ಶಾಮಣ್ಣ ಭಟ್ಟರ ಕೈ ಬಾಗಿಲ ಹಿಡಿಯತ್ತ ಬರುತ್ತಿದೆ, ಬೇಡ ಭಟ್ರೇ, ತೆಗೀಬೇಡಿ, ಅಮೃತಾ ಅಂಗೈ ಅಗಲಿಸಿ ಗಾಜಿಗೆ ಒತ್ತಿದಳು, ಬಾಗಿಲು ತೆಗೆದರೆ ಮೊದಲಿಂದ ಶುರು, ಹತ್ತು ನಿಮಿಷ ಗಾಡಿಯನ್ನು ಅದರ ಪಾಡಿಗೆ ಬಿಡಬೇಕು, ಕೈ ನಿಂತಿತು, ಕೈ ಜನಿವಾರಕ್ಕೆ ಹೋಗಿ ಅದನ್ನೇ ಹಿಡಿದುಕೊಂಡಿತು. ತೊಡೆಯ ಮೇಲಿನ ಯಂತ್ರದಲ್ಲಿ ಅಂಕಿ ಇಳಿಯುತ್ತಿದೆ, ಒಂಬತ್ತು ನಿಮಿಷ ನಲವತ್ತು, ಮೂವತ್ತೊಂಬತ್ತು, ಯಂತ್ರದ ವೈರು ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ, ಅಲ್ಲಿಂದ ಗಾಡಿಯ ಮಿದುಳಿಗೆ, ಮಿದುಳು ಯೋಚಿಸುತ್ತಿದೆ, ಕಳ್ಳನಾದರೆ ಇಷ್ಟು ಹೊತ್ತು ಕೂರುವುದಿಲ್ಲ ಅಂತ ಇದನ್ನು ಮಾಡಿದವರ ನಂಬಿಕೆ, ಕೊನೆಯಲ್ಲಿ ಕೆಂಪು ಆರಿದರೆ ಹೊಸ ಕೀಯನ್ನು ಒಪ್ಪಿತು ಎಂದು, ಆರದೆ ಒಂದೇ ಸಮ ಉರಿದು ನಿಂತರೆ ಮಿದುಳು ಕಲ್ಲಾಯಿತು ಎಂದು — ಆಗ ಈ ಬಿಳಿ ಕಾರನ್ನು ಲಾರಿಗೆ ಹೇರಬೇಕು, ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿನ ಮುಂದೆಯೇ ಹಾಯಿಸಬೇಕು, ಮರುಳಸಿದ್ದಪ್ಪನ ಮಗಳು ಟೀಚರಮ್ಮನ ಗಾಡಿ ಕೊಂದಳಂತೆ, ಆಮೇಲೆ ಯಾರು ಕೊಡುತ್ತಾರೆ ಅವಳ ಕೈಗೆ ಇನ್ನೊಂದು ಗಾಡಿ, ಮತ್ತೆ ಕುಶಾಲನಗರ, ಮತ್ತೆ ಕೀರ್ತಿಕುಮಾರ್ ಸಾರ್ ಕಾರ್ ಕೀ ಅಂಗಡಿ, ಮತ್ತೆ ಆ ತಿರುಗುವ ಕುರ್ಚಿ.

ಎಂಟು ನಿಮಿಷ ಐವತ್ತು. ಜಗಲಿಯಲ್ಲಿ ವಾರಿಜಾಕ್ಷಿ ಟೀಚರ್ ಕೈಕಟ್ಟಿ ನಿಂತಿದ್ದಾರೆ, ಹೈಸ್ಕೂಲಿನಲ್ಲಿ ಲೆಕ್ಕ ಕೊಟ್ಟು ನಿಲ್ಲುತ್ತಿದ್ದ ಹಾಗೆಯೇ, ರಿಟೈರ್ ಆದ ಮೇಲೆ ಡ್ರೈವಿಂಗ್ ಕಲಿತು ತಾವೇ ಕೊಂಡ ಗಾಡಿ ಇದು, ಮಡಿಕೇರಿ ರಸ್ತೆಯ ತಿರುವುಗಳನ್ನು ಎರಡನೇ ಗೇರು ಬಿಡದೆ ಹತ್ತಿಸುತ್ತಾರೆ, ಗಂಡ ಭಟ್ಟರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾರೆ, ಜಪವೋ ಭಯವೋ; ಆಯುಧಪೂಜೆಯ ದಿನ ಆ ಭಟ್ಟರೇ ಎರಡೂ ಕೀಗಳನ್ನು ಹೊಳೆದಂಡೆಯ ತಮ್ಮ ದೇವಸ್ಥಾನಕ್ಕೆ ಒಯ್ದರು, ಒಂದಕ್ಕೆ ಪೂಜೆ ಮಾಡಿ ಇನ್ನೊಂದನ್ನು ಬಿಟ್ಟರೆ ಆಗ್ತದಾ, ಪಾದದಲ್ಲಿಟ್ಟರು, ಮೇಲೆ ಸೇವಂತಿಗೆ, ಅದರ ಮೇಲೆ ತುಳಸಿ, ಮರುದಿನ ಬೆಳಿಗ್ಗೆ ನಲವತ್ತು ವರ್ಷ ಪಳಗಿದ ಕೈ ನಿರ್ಮಾಲ್ಯವನ್ನೆಲ್ಲ ಬುಟ್ಟಿಗೆ ಬಳಿದು ಹೊಳೆಗೆ ಬಿಟ್ಟಿತು, ಕೈಗೆ ಹೂವು ಮಾತ್ರ ಗೊತ್ತು, ಹೂವಿನೊಳಗಿನದು ಗೊತ್ತಿಲ್ಲ; ಅಲ್ಲ ನೋಡಿ, ದೇವರಿಗೆ ಲೈಸೆನ್ಸ್ ಉಂಟಾ, ಎರಡೂ ಕೊಟ್ಟು ಬಂದಿರಲ್ಲ, ಅಂದರಂತೆ ಟೀಚರ್, ಮೂರು ದಿನ ಸಾರಿಗೆ ಉಪ್ಪು ಬೀಳಲಿಲ್ಲವಂತೆ. ಈಗ ಆ ಎರಡು ಕೀಗಳು ನೀರಿನಡಿ ಮರಳಿನಲ್ಲಿ, ಮೀನು ಮೂಸಿ ನೋಡಿ ಹೋಗುತ್ತಿರಬಹುದು. ಬೆಳಿಗ್ಗೆ ಭಟ್ಟರು ಮೆಲ್ಲಗೆ ಕೇಳಿದ್ದರು, ಹಳೆಯದರ ಹೆಸರೂ ಗಾಡಿಯೊಳಗೆ ಇರ್ಲಿ ಮಗು, ಹೊಳೆ ಇಳಿದ ಮೇಲೆ ಸಿಕ್ಕಿದ್ರೆ? ಆಗಲ್ಲ ಭಟ್ರೇ, ಎರಡೂ ಎದುರಿಗಿಲ್ಲದಿದ್ರೆ ಇದು ಹಳೆಯದನ್ನೆಲ್ಲ ಅಳಿಸಿಯೇ ಹೊಸದು ಬರ್ಕೊಳ್ಳೋದು, ಅಳಿಸೋದು ಅಂದ್ರೆ ಅಳಿಸೋದೇ. ಹೇಳುವಾಗ ತನ್ನ ಧ್ವನಿ ಯಾಕೆ ಅಷ್ಟು ಗಟ್ಟಿಯಾಗಿ ಬಂತು ಅಂತ ಅವಳಿಗೇ ಆಶ್ಚರ್ಯವಾಗಿತ್ತು.

ಮಿಣುಕಿತು, ಆರಿತು, ಆರು ನಿಮಿಷ ಹದಿನೈದು, ವೋಲ್ಟೇಜು ಹನ್ನೆರಡು ಪಾಯಿಂಟ್ ನಾಲ್ಕು, ಬಾನೆಟ್ಟಿನಡಿ ಇನ್ನೊಂದು ಬ್ಯಾಟರಿ ಕಟ್ಟಿದ್ದಾಳೆ, ಎರಡು ಸಲ ಕ್ಲಿಪ್ಪು ಅಲ್ಲಾಡಿಸಿ ನೋಡಿದ್ದಾಳೆ, ನಡುವೆ ಕರೆಂಟು ಕುಸಿದರೂ ಕಲ್ಲೇ. ಬೆಳಿಗ್ಗೆ ಅಪ್ಪ ಬಂದಿದ್ದ, ಬಾಗಿಲ ಬೀಗದ ತೂತಿಗೆ ತೆಳ್ಳಗಿನ ಪಟ್ಟಿ ಹಾಕಿ, ಕಣ್ಣು ಮುಚ್ಚಿ, ಒಳಗಿನ ಹಲ್ಲುಗಳನ್ನು ಬೆರಳ ತುದಿಯಲ್ಲಿ ಎಣಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಖಾಲಿ ಕೀಗಳಿಗೆ ಅರ ಹಾಕಿ ಕೊಟ್ಟ, ಬಾಗಿಲು ತೆರೆಯಿತು, ಸ್ಟಿಯರಿಂಗ್ ತಿರುಗಿತು, ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ. ತಿರುಗೋದು ಕಬ್ಬಿಣ ಕಣವ್ವ, ಅದು ನನ್ ಕೆಲ್ಸ, ಒಪ್ಪೋದು ಗಾಡಿ, ಅದು ನಿಂದು, ಅಂತ ಅರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೊರಟೇಹೋದ, ನಿಂತು ನೋಡಲಿಲ್ಲ, ನಿಂತಿದ್ದರೆ ಇವಳು ಪ್ರತಿ ಗುಂಡಿ ಒತ್ತುವ ಮೊದಲೂ ಅವನ ಮುಖ ನೋಡುತ್ತಿದ್ದಳು ಅಂತ ಅವನಿಗೆ ಗೊತ್ತು. ಅಂಗಡಿಯ ಹಲಗೆಯ ಮೇಲೆ ಛತ್ರಿ ರಿಪೇರಿ, ಬೀಗ ರಿಪೇರಿ, ಅದರ ಕೆಳಗೆ ಹೋದ ತಿಂಗಳು ಅಪ್ಪನೇ ಬ್ರಶ್ಶು ಹಿಡಿದು ಬರೆದದ್ದು, ಕಾರ್ ಕೀ ಮಾಡಿ ಕೊಡಲಾಗುವುದು — ಅಮೃತಾ, ಅಂತ ಅವಳ ಹೆಸರು, ಜಾಗ ಸಾಲದೆ ತಾ ಅಕ್ಷರ ಹಲಗೆಯ ಅಂಚಿಗೆ ಹೋಗಿ ಮುದುರಿಕೊಂಡಿದೆ.

ನಾಲ್ಕು ನಿಮಿಷ ಮೂವತ್ತು, ಗೇಟಿನಲ್ಲಿ ಜೀಪಿನ ಸದ್ದು, ಆ ಸದ್ದು ಗೊತ್ತು, ಎರಡು ವರ್ಷ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಕೇಳಿದ ಸದ್ದು, ಕೀರ್ತಿಕುಮಾರ್ ಸಾರ್ ಇಳಿಯುತ್ತಿದ್ದಾರೆ, ಜೀಪಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ, ಭಟ್ಟರು ಓಡಿ ಹೋಗುತ್ತಿದ್ದಾರೆ, ಬನ್ನಿ ಬನ್ನಿ, ನಿಮ್ಮ ಅಂಗಡಿ ಪೂಜೆ ಮಾಡಿದ ಋಣಕ್ಕಾದ್ರೂ ಬಂದಿರಲ್ಲ. ಓಹೋ, ಭಟ್ಟರು ಮೊದಲೇ ಫೋನ್ ಮಾಡಿದ್ದಾರೆ, ಟೀಚರಿಗೂ ಗೊತ್ತಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ, ಇಂದೂ ಸಾರಿಗೆ ಉಪ್ಪಿಲ್ಲ. ಸಾರ್ ಕೆಟ್ಟವರಲ್ಲ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಬಿಟ್ಟು ಬರುವುದು ಸುಲಭವಿತ್ತು, ಬಿಸಿಲಲ್ಲಿ ನಿಲ್ಲಬೇಡ, ಗ್ರೀಸು ಮುಟ್ಟಬೇಡ, ನಿಂಗ್ಯಾಕಮ್ಮ ಅದೆಲ್ಲ, ಫ್ಯಾನ್ ಕೆಳಗೆ ಕೂತ್ಕೊಂಡು ಫೋನ್ ತಗೋ ಸಾಕು, ಕುರ್ಚಿ ತಿರುಗಿಸಿದರೆ ಗಾಜಿನಾಚೆ ಮೆಕ್ಯಾನಿಕ್ ಪ್ರಸಾದ್ ಗಾಡಿಯೊಳಗೆ ಯಂತ್ರ ಹಿಡಿದು ಕೂತಿರುವುದು ಕಾಣುತ್ತಿತ್ತು, ಎರಡು ವರ್ಷ ಗಾಜಿನ ಈಚೆಯಿಂದ ಅವನ ಬೆರಳು ಓದಿದಳು, ಯಾವ ಗಾಡಿಗೆ ಎಷ್ಟು ಹೊತ್ತು, ಯಾವುದಕ್ಕೆ ಬಾಗಿಲು ಮುಚ್ಚಿರಬೇಕು, ಒಂದು ದಿನ ಅವನು ತಪ್ಪು ಒತ್ತಿದಾಗ ಇವಳು ಕುರ್ಚಿಯಿಂದಲೇ ಕೂಗಿದ್ದಳು, ಅಂಗಡಿಯೆಲ್ಲ ನಕ್ಕಿತ್ತು, ನೋಡೋ ಪ್ರಸಾದ, ರಿಸೆಪ್ಷನಿಸ್ಟ್ ಪಾಠ ಮಾಡ್ತಾಳೆ. ಈಗ ಅವಳು ಗಾಜಿನ ಒಳಗಿದ್ದಾಳೆ, ಸಾರ್ ಹೊರಗಿದ್ದಾರೆ.

ಎರಡು ನಿಮಿಷ ಹತ್ತು, ಟಕ್ ಟಕ್, ಸಾರ್ ಉಂಗುರದಿಂದ ಗಾಜು ತಟ್ಟುತ್ತಿದ್ದಾರೆ, ವೋಲ್ಟೇಜ್ ಎಷ್ಟಮ್ಮ, ಅವಳು ಬೆರಳಲ್ಲಿ ತೋರಿಸಿದಳು, ಹನ್ನೆರಡು, ಪಾಯಿಂಟ್, ಒಂದು, ಇಳಿಯುತ್ತಿದೆ, ಸಾರ್ ನಾಲಿಗೆ ಕಚ್ಚಿಕೊಂಡರು, ಭಟ್ಟರು ಕಣ್ಣು ಮುಚ್ಚಿದರು, ಹೋಯ್ತು ಅಂದ್ಕೋ, ಅಂದರು ಸಾರ್, ನಿಲ್ಲಿಸಿಬಿಡು, ಬಾಗ್ಲು ತೆಗಿ, ಮೊದಲಿಂದ ನಾನು ಮಾಡ್ತೀನಿ, ಏನಾದ್ರೂ ಆದ್ರೆ ನನ್ ತಲೆ ಮೇಲಿರ್ಲಿ, ನಿನ್ ಹೆಸ್ರು ಬರಲ್ಲ, ಸೋಮವಾರದಿಂದ ಅಂಗಡಿಗೆ ಬಾ, ನಿನ್ ಕುರ್ಚಿಗೆ ಯಾರನ್ನೂ ಕೂರಿಸಿಲ್ಲ — ಮತ್ತು ಅಮೃತಾಳ ಕೈ, ಅವಳನ್ನು ಕೇಳದೆ, ಭಟ್ಟರ ಕೈಯ ಹಾಗೆಯೇ ಅಭ್ಯಾಸದ ಕೈ, ಬಾಗಿಲ ಹಿಡಿಯ ಮೇಲೆ ಹೋಗಿ ಕೂತಿದೆ, ಹಿಡಿ ತಣ್ಣಗಿದೆ, ಒಂದು ಎಳೆತ ಅಷ್ಟೇ, ಯಾರೂ ಬೈಯುವುದಿಲ್ಲ, ಲಾರಿ ಬರುವುದಿಲ್ಲ, ಫ್ಯಾನು ತಿರುಗುತ್ತಿರುತ್ತದೆ. ಜಗಲಿಯಿಂದ ಟೀಚರ್ ಧ್ವನಿ, ಅವಳ ಪಾಡಿಗೆ ಬಿಡಿ ಅವಳನ್ನ, ಗಾಜು ದಾಟಿ ಬಂತು, ಹತ್ತನೇ ಕ್ಲಾಸಿನಿಂದ ಬಂತು, ಬೋರ್ಡಿನ ಮುಂದೆ ಅರ್ಧ ಬಿಡಿಸಿದ ಲೆಕ್ಕ, ಹಿಂದೆ ಹುಡುಗರ ಕಿಸಕ್ಕು, ಮುಂದಿನ ಬೆಂಚಿನ ಶೋಭಿತಾ ಎದ್ದು ಬಂದು ನಾನು ಮಾಡ್ತೀನಿ ಟೀಚರ್ ಎಂದು ಚಾಕ್‌ಪೀಸಿಗೆ ಕೈ ಹಾಕಿದ್ದಾಳೆ, ಅಮೃತಾ ಕೊಡಲು ಕೈ ಚಾಚಿದ್ದಾಳೆ, ಆಗ ಟೀಚರ್, ಇವಳನ್ನೂ ನೋಡದೆ ಅವಳನ್ನೂ ನೋಡದೆ, ಕಿಟಕಿಯಾಚೆ ನೋಡುತ್ತಾ, ಚಾಕ್ ಕೊಡ್ಬೇಡ, ನಿನ್ನ ಲೆಕ್ಕ ನೀನೇ ತಪ್ಪು ಮಾಡು. ಆ ಲೆಕ್ಕ ಸರಿ ಬಂತೋ ತಪ್ಪು ಬಂತೋ ಈಗ ನೆನಪಿಲ್ಲ, ಚಾಕ್‌ಪೀಸು ಬೆರಳಲ್ಲಿ ಉಳಿದದ್ದು ನೆನಪಿದೆ, ಒಣ ಪುಡಿ, ಬೆವರಿಗೆ ಮೆತ್ತಿದ್ದು.

ಕೈಯನ್ನು ಹಿಡಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಇಪ್ಪತ್ತು ಸೆಕೆಂಡು, ಹನ್ನೆರಡು ಪಾಯಿಂಟ್ ಸೊನ್ನೆ, ಅಲ್ಲೇ ನಿಂತಿದೆ, ಕ್ಲಿಪ್ಪುಗಳು ಹಿಡಿದಿವೆ, ಮೇಲೆ ರಸ್ತೆಯಲ್ಲಿ ಬಸ್ಸು, ಕಂಡಕ್ಟರು ಕುಶಾಲ್ನಗರ ಕುಶಾಲ್ನಗರ ಎಂದು ಕೂಗುತ್ತಾ ಹೋದ, ಹೋಗಲಿ, ಮಿಣುಕಿತು, ಆರಿತು, ಸಾರ್ ಉಸಿರಿಗೆ ಗಾಜು ಮಸುಕಾಗಿದೆ, ಅವರಿಗೆ ಒಳಗಿನದು ಕಾಣುವುದಿಲ್ಲ, ಅವಳಿಗೆ ಮಾತ್ರ ಕಾಣುತ್ತದೆ, ಮಿಣುಕಿತು, ನೀರಿನಡಿ ಎರಡು ಕೀಗಳು, ಆರಿತು, ಹಲಗೆಯ ಅಂಚಿನಲ್ಲಿ ಮುದುರಿದ ತಾ, ಮಿಣುಕಿತು, ಆರಿತು, ಈಗ ಮಿಣುಕಬೇಕು, ಈಗ — ಕಪ್ಪು, ಕೆಂಪು ಕೀ ಇದ್ದ ಜಾಗದಲ್ಲಿ ಕಪ್ಪು, ಒಂದು, ಎರಡು, ಮೂರು ಎಣಿಸಿದಳು, ಕಪ್ಪು, ಉಗುರಿನಷ್ಟೇ ಕಪ್ಪು, ಒಪ್ಪಿತು, ತೆಗೆಯಮ್ಮ ಬಾಗಿಲು, ಕುರ್ಚಿ ಹಾಗೇ ಇದೆ ಅಂದೆನಲ್ಲ, ಗಾಜಿನಾಚೆ ಯಾರೋ ಹೇಳುತ್ತಿದ್ದಾರೆ, ಅಪ್ಪ ಅರ ಹಾಕಿದ ಕೀಯ ಮೇಲೆ ಬೆರಳಿಟ್ಟು, ಆ ಕಪ್ಪಿನಿಂದ ಕಣ್ಣು ತೆಗೆಯದೆ, ಬೇಡ ಸಾರ್, ಅಂದಳು ಅಮೃತಾ.