ಎಲಿಸಮ್ಮನ ಸೊಗಡವರೆ

ದೇವರಿಗೆ ಕೊಡೋದಾದರೆ ಮನೆಯಲ್ಲಿರೋದರಲ್ಲಿ ಒಳ್ಳೇದನ್ನೇ ಕೊಡಬೇಕು ಅನ್ನುವುದು ಎಲಿಸಮ್ಮನ ಮಾತು. ಪಾತ್ರೆ ಬೆಳಗುವಾಗಲೂ ಹೇಳುತ್ತಿದ್ದಳು, ಕೋಳಿ ಅಟ್ಟುವಾಗಲೂ ಹೇಳುತ್ತಿದ್ದಳು. ಯಾರಾದರೂ ಚರ್ಚಿಗೆ ಬಾಡಿದ ಬದನೆಕಾಯಿ ತಂದರಂತೂ ವಾರವಿಡೀ ಅದೇ ಭಜನೆ. ಹೀಗೆ ಹೇಳಿಕೊಂಡೇ ಅವಳು ಪ್ರತಿ ವರ್ಷ ಸುಗ್ಗಿ ಹಬ್ಬದ ಹಿಂದಿನ ದಿನ, ಅವರೆಕಾಳಿನಲ್ಲಿ ದಪ್ಪನಾದದ್ದನ್ನೆಲ್ಲ ಮೊದಲೇ ಬಿತ್ತನೆಗೆ ಮಡಕೆಯಲ್ಲಿ ಎತ್ತಿಟ್ಟು ಡಬ್ಬದಲ್ಲಿ ಮಿಕ್ಕಿರುತ್ತಿದ್ದ ಹುಳುಕು, ಮುರುಕನ್ನು ಹೊಸ ಚೀಲಕ್ಕೆ ಸುರಿದು, ಬಾಯಿಗೆ ಕೆಂಪು ದಾರ ಬಿಗಿದು ಚರ್ಚಿಗೆ ಒಯ್ಯುತ್ತಿದ್ದಳು. ಚೀಲ ಹೊಸದು, ದಾರ ಕೆಂಪು, ಒಳಗೆ ಯಾರು ಇಣುಕಿ ನೋಡುತ್ತಾರೆ? ಇದು ಮೋಸ ಅಂತ ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಬಿತ್ತನೆಯನ್ನು ದೇವರೂ ಕೇಳುವುದಿಲ್ಲ ಅಂತ ತಾನೇ ತೀರ್ಮಾನ ಮಾಡಿಕೊಂಡಿದ್ದಳು.

ಆ ಅವರೆಯಾದರೂ ಅಂಥಿಂಥದ್ದಲ್ಲ, ಸೊಗಡವರೆ. ಮದುವೆಯಾಗಿ ಬರುವಾಗ ಅವಳ ತಾಯಿ ಮಡಿಲಿಗೆ ಹಾಕಿ ಕಳಿಸಿದ ಬೀಜ. ಕಾಯಿ ಬಿಡಿಸಿದ ಕೈ ಎಷ್ಟು ತೊಳೆದರೂ ಘಮ್ ಅನ್ನುತ್ತಿತ್ತು. ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಅವಳ ಹಸಿಕಾಯಿ ಇಳಿದರೆ ಕೊಳ್ಳುವವರು ಚೌಕಾಸಿಯನ್ನೇ ಮರೆಯುತ್ತಿದ್ದರು. ಸುತ್ತಲಿನವರೆಲ್ಲ ಅಂಗಡಿಯ ಬೀಜಕ್ಕೆ ಬಿದ್ದು, ವಾಸನೆಯಿಲ್ಲದ ಅವರೆ ಬೆಳೆದು, ಈಗ ಎಲಿಸಮ್ಮನ ಮಡಕೆಯ ಕಡೆ ಆಸೆಗಣ್ಣು ಬಿಡುತ್ತಿದ್ದರು. ಅವಳು ಯಾರಿಗೂ ಒಂದು ಕಾಳು ಕೊಟ್ಟವಳಲ್ಲ. ಬಿತ್ತನೆ ಹೊಸಿಲು ದಾಟಿದರೆ ಮನೆಯ ಬೆಳೆಯೂ ಅದರ ಹಿಂದೆಯೇ ಹೋಗುತ್ತದೆ ಅಂತ ಅವಳ ತಾಯಿ ಹೇಳಿದ್ದಳು. ಅದೇ ಚರ್ಚಿನ ಸಭೆಯ ಪುಟ್ಟಮಾದಮ್ಮ, ಗಂಡ ಸತ್ತ ಮೇಲೆ ತುಂಡು ಹೊಲದಲ್ಲಿ ಹೇಗೋ ಜೀವ ಹಿಡಿದಿದ್ದವಳು, ಒಮ್ಮೆ ಮನೆಗೇ ಬಂದು ಒಂದು ಬೊಗಸೆ ಕೇಳಿದ್ದಳು. ಎಲಿಸಮ್ಮ ಕಾಫಿ ಕೊಟ್ಟು ಕಳಿಸಿದಳು.

ಈ ವರ್ಷ ಹಬ್ಬದ ಹಿಂದಿನ ದಿನ ಎಲಿಸಮ್ಮ ಊರಲ್ಲಿರಲಿಲ್ಲ. ತಂಗಿಯ ಮಗಳ ಹೆರಿಗೆಗೆಂದು ಚಾಮರಾಜನಗರದ ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿಂದಲೇ ಸೊಸೆಗೆ ಫೋನ್ ಮಾಡಿದಳು. "ಮಾನಸ, ನಾಳೀಕೆ ಅವರೆ ಚೀಲ ತುಂಬ್ಸಿಡು ಕಣಮ್ಮಿ. ನಾನು ಸೀದಾ ಚರ್ಚ್‌ಗೇ ಬತ್ತೀನಿ."

ಎಲ್ಲಿಂದ ತುಂಬಬೇಕು ಅಂತ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ.

ಮಾನಸ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹರವೆಯ ಹುಡುಗಿ. ಅಪ್ಪ ಬಸ್ ಕಂಡಕ್ಟರ್, ಹೊಲ ಗದ್ದೆ ಕಂಡವಳಲ್ಲ. ಎಲಿಸಮ್ಮನ ಮಗ ಸ್ಯಾಮ್ಯುಯೆಲ್‌ನನ್ನು ಮೆಚ್ಚಿ, ಮನೆಯವರನ್ನು ಒಪ್ಪಿಸಿ ಮದುವೆಯಾದವಳು. ಚರ್ಚಿನ ರೀತಿನೀತಿಯೆಲ್ಲ ಅತ್ತೆಯ ಬಾಯಿಂದಲೇ ಕಲಿಯುತ್ತಿದ್ದಳು, ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಿದ್ದಳು. ಪಾಪ, ಅದೇ ಎಡವಟ್ಟಾದದ್ದು.

ಭಾನುವಾರ ಎಲಿಸಮ್ಮ ಬಸ್ಸಿಳಿದು ಚರ್ಚಿನೊಳಗೆ ಕಾಲಿಟ್ಟಾಗ ಆರಾಧನೆ ಶುರುವಾಗಿತ್ತು. ಮುಂದುಗಡೆ ಬಾಳೆಗೊನೆ, ಕುಂಬಳಕಾಯಿ, ರಾಗಿ, ಹಸಿ ಅರಿಸಿನದ ಕೊಂಬು, ಕಾಲು ಕಟ್ಟಿದ ಒಂದು ಹುಂಜ. ನಡುವೆ ಕೆಂಪು ದಾರದ ಚೀಲವೂ ಇತ್ತು, ಆದರೆ ಯಾಕೋ ಯಾವತ್ತಿಗಿಂತ ದಪ್ಪ ಕಂಡಿತು. ಪಕ್ಕದಲ್ಲಿ ಕೂತಿದ್ದ ಮಾನಸ ಕಿವಿಯಲ್ಲಿ ಪಿಸುಗುಟ್ಟಿದಳು.

"ಅತ್ತೆ, ಡಬ್ಬದಲ್ಲಿ ಬರೀ ಉಳುಕಿತ್ತು. ಅದ ಕೊಡಕ್ಕಾದದಾ ದೇವರ್ಗೆ? ಮಡಕೇಲಿ ನೀವು ಬೂದಿ ಆಕಿ ಜೋಪಾನ ಮಾಡಿದ್ರಲ್ಲ, ಹಬ್ಬಕ್ಕೇ ಮಡಗವ್ರೆ ಅನ್ಕಂಡು ಎಲ್ಲಾನೂ ಕೇರಿ ತಂದ್ಬುಟ್ಟೆ."

ಎಲ್ಲಾನೂ! ಆಮೇಲೆ ಹಾಡಿದ ಹಾಡು, ಪಾದ್ರಿ ಅಯ್ಯನವರು ಮಾಡಿದ ಪ್ರಸಂಗ ಯಾವುದೂ ಎಲಿಸಮ್ಮನ ತಲೆಗೆ ಹತ್ತಲಿಲ್ಲ. ಆ ಹುಡುಗಿಯ ಕೆನ್ನೆಗೆ ಎರಡು ಬಿಡುವಷ್ಟು ಸಿಟ್ಟು ಬಂತು, ಮರುಗಳಿಗೆ ಅಳು ಬಂತು.

ಆರಾಧನೆ ಮುಗಿದ ಮೇಲೆ ಕಾಣಿಕೆ ಬಂದ ಪದಾರ್ಥವನ್ನು ಅಂಗಳದಲ್ಲಿ ಹರಾಜು ಹಾಕುವುದು ಅಲ್ಲಿಯ ರೂಢಿ. ಕೂಗುವವನು ಸಭೆಯ ಹಿರಿಯ ಜಯಪಾಲ. ಹುಂಜ ಹೋಯಿತು, ಕುಂಬಳಕಾಯಿ ಹೋಯಿತು. ಅವರೆಯ ಚೀಲವನ್ನು ಯಾವತ್ತೂ ಕಟ್ಟಿದ ಹಾಗೇ ಕೂಗಿಬಿಡುತ್ತಿದ್ದ ಜಯಪಾಲ, ಈ ಸಲ ಅದರ ತೂಕ ಕಂಡು ದಾರ ಬಿಚ್ಚಿ ಕಾಳನ್ನು ಮೊರಕ್ಕೆ ಸುರಿದ. ದುಂಡಗೆ, ಒಂದೇ ಅಳತೆಯಲ್ಲಿ ಮಿರಿಮಿರಿ ಮಿಂಚುವ ಕಾಳು. ಹೆಂಗಸರ ನಡುವೆ ಗುಸುಗುಸು ಎದ್ದಿತು. ಪುಟ್ಟಮಾದಮ್ಮ ಮುಂದೆ ಬಂದು ಒಂದು ಕಾಳನ್ನು ಬೆರಳಲ್ಲಿ ಹಿಡಿದು ನೋಡಿ, ತನ್ನ ಕೈಲಾದಷ್ಟು ಕೂಗಿದಳು. ಹೋಟೆಲ್ ಇಟ್ಟಿರುವ ಮೋಹನರಾಜ ಅದರ ಮೇಲೆ ಕೂಗಿದ.

"ಇದ್ರ ಸಾರು ಮಾಡುದ್ರೆ ರೋಡಲ್ಲೋಗೋ ಲಾರಿಯೋರೆಲ್ಲ ನಮ್ಮೋಟ್ಲಲ್ಲೇ ನಿಂತಾರು" ಅಂತ ನಗೆಯಾಡಿದ.

ಪುಟ್ಟಮಾದಮ್ಮ ಇನ್ನೊಂದು ಸಲ ಕೂಗಿದಳು. ಅವನು ಮತ್ತೆ ಏರಿಸಿದ. ಅವಳು ಸುಮ್ಮನಾದಳು.

"ಒಂದ್ಸಾರಿ" ಅಂದ ಜಯಪಾಲ.

ಇನ್ನೆರಡು ಮಾತಾದರೆ ತಾಯಿ ಕೊಟ್ಟ ಬೀಜ ಹೋಟೆಲಿನ ಒಲೆಯ ಮೇಲೆ ಬೇಯುತ್ತದೆ. ಆ ಕುಲವೇ ಮುಗಿಯಿತು. ಎಲಿಸಮ್ಮ ಎದ್ದು ನಿಂತಳು.

"ಜಯಪಾಲಣ್ಣ, ನಿಲ್ಸು. ಅದು ಸಾರಿಗಾಕೋ ಕಾಳಲ್ಲ. ಬಿತ್ತನೆ."

ಜಯಪಾಲ ಒಳ್ಳೆಯವನು, ಮರ್ಯಾದೆ ಉಳಿಸುವ ಮಾತೇ ಆಡಿದ. "ತಪ್ಪಿ ಬಂದ್ಬುಟ್ಟದಾ ಎಲಿಸಕ್ಕ? ಅದಕ್ಕೇನಂತೆ, ತಕ್ಕೊಂಡೋಗು. ಯಾರೂ ಏನೂ ಅನ್ಕಳಲ್ಲ."

ಇಷ್ಟೇ ಬೇಕಾಗಿತ್ತು ಅವಳಿಗೆ. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಕಣ್ಣು ಮಾನಸಳ ಕಡೆ ಹೋಯಿತು. ಬೆಳಿಗ್ಗೆಯಿಂದ ಹಿಗ್ಗುತ್ತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ತಾನು ಮಾಡಿದ್ದೇನು ಅಂತ ಅವಳಿಗೆ ಆಗಷ್ಟೇ ತಿಳಿದಿತ್ತು. ಈಗ ಚೀಲ ವಾಪಸ್ ಹೋದರೆ ಇನ್ನೊಂದೂ ತಿಳಿಯುತ್ತದೆ, ಅತ್ತೆಯ ಮಾತು ಬರೀ ಬಾಯಿಮಾತು ಅಂತ. ಎಲಿಸಮ್ಮನಿಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಕೆಂಪು ದಾರ ಕಂಡು ನಾಚಿಕೆಯಾಯಿತು.

"ತಪ್ಪಿ ಬಂದಿಲ್ಲ" ಅಂದಳು. "ನನ್ ಸೊಸೆ ಆರ್ಸಿ ತಂದವ್ಳೆ. ಅರಾಜಾಕ್ಬ್ಯಾಡಿ. ನೆಲ ಇರೋರೆಲ್ಲ ಒಂದೊಂದು ಬೊಗಸೆ ತಕ್ಕಳಿ. ತಿನ್ಬ್ಯಾಡಿ, ಬಿತ್ತಿ. ಪುಟ್ಟಮಾದಮ್ಮ, ಮೊದ್ಲು ನೀ ಬಾ."

ಪುಟ್ಟಮಾದಮ್ಮ ಸೆರಗೊಡ್ಡಿದಳು. ಎಲಿಸಮ್ಮ ತನ್ನ ಕೈಯಿಂದಲೇ ಸುರಿದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಮೊರ ಬರಿದಾಯಿತು. ಮೋಹನರಾಜನಿಗೆ ಹೊಲವಿಲ್ಲ, ಅವನು ಬೀಜ ಮುಟ್ಟದೆ ತಾನು ಕೂಗಿದ್ದಷ್ಟನ್ನೂ ಕಾಣಿಕೆ ತಟ್ಟೆಗೆ ಹಾಕಿ ಹೋದ.

ಮನೆಯ ದಾರಿಯಲ್ಲಿ ಮಾನಸ ಬಿಕ್ಕುತ್ತಿದ್ದಳು. "ಬಿತ್ತನೆ ಅಂತ ಗೊತ್ತಿರ್ನಿಲ್ಲ ಅತ್ತೆ. ನೀವ್ಯಾಕೆ ವಾಪಸ್ ತಕ್ಕಳ್ನಿಲ್ಲ?"

"ಏನಂತ ತಕ್ಕಳ್ಲಿ? ವರ್ಸಾ ವರ್ಸಾ ಆ ಡಬ್ಬದ ಉಳುಕನ್ನೇ ದೇವರ್ಗೆ ಒಯ್ತಿದ್ದೆ ಕಣಮ್ಮಿ ನಾನು. ನಿಂಗೆ ದಿನಾ ಏಳ್ತಿದ್ದದ್ದೇ ಒಂದು, ಮಾಡ್ತಿದ್ದದ್ದೇ ಒಂದು. ನಾನೇಳ್ದಂಗೆ ಮಾಡ್ದೋಳು ನೀನೊಬ್ಳೇ."

ಮಾನಸ ಅಳು ನಿಲ್ಲಿಸಿ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಅತ್ತೆಯ ಕೈ ಹಿಡಿದುಕೊಂಡಳು. ಎಲಿಸಮ್ಮ ಬಿಡಿಸಿಕೊಳ್ಳಲಿಲ್ಲ.

ಹಿಂದಿನಿಂದ ಯಾರೋ ಕೂಗಿದರು. ಪುಟ್ಟಮಾದಮ್ಮ ಏದುಸಿರು ಬಿಡುತ್ತ ಬರುತ್ತಿದ್ದಳು, ಸೆರಗಿನ ಗಂಟು ಆಗಲೇ ಬಿಚ್ಚುತ್ತಿದ್ದಳು.

"ಸೆರಗಿಡಿ ಎಲಿಸವ್ವ. ಅರ್ಧ ನಿಂಗೆ."

"ಮನೇಲದೆ, ಬುಡು."

"ಇಲ್ಲ. ಮಡಕೆ ಬರಿದು ಮಾಡ್ಕಂಡೋರ ಮುಖ ನಂಗೊತ್ತಾಗಲ್ವಾ? ನಾನು ಎಷ್ಟು ಸಲ ಮಾಡ್ಕಂಡಿವ್ನಿ. ಇಡಿ."

ತನ್ನ ಬೀಜವನ್ನೇ ಬೇರೆಯವರ ಕೈಯಿಂದ ಬೇಡಿದವಳ ಹಾಗೆ ತೆಗೆದುಕೊಳ್ಳುವುದು, ಅದೂ ತಾನು ಒಮ್ಮೆ ಬರಿಗೈಲಿ ಕಳಿಸಿದವಳಿಂದ! ಮಡಕೆಯಷ್ಟನ್ನೂ ಕೊಟ್ಟದ್ದಕ್ಕಿಂತ ಇದು ಕಷ್ಟವಾಯಿತು. ಕಣ್ಣು ತುಂಬಿ ಬಂದು ದಾರಿ ಮಂಜಾಯಿತು. ಆದರೂ ಎಲಿಸಮ್ಮ ಸೊಸೆಯ ಕೈ ಬಿಟ್ಟು, ಎರಡು ಕೈಯಲ್ಲೂ ಸೆರಗು ಹಿಡಿದು ಪುಟ್ಟಮಾದಮ್ಮನ ಮುಂದೆ ಒಡ್ಡಿದಳು.