ಗಣಿತದ ಪರೀಕ್ಷೆಯ ದಿನ

ಒಂದು ಜಡೆ ಮುಗಿಸಿ ತಾಯಿ ಇನ್ನೊಂದಕ್ಕೆ ಕೈಹಾಕಿದ್ದಳಷ್ಟೇ, ಹುಡುಗಿ ತಲೆ ಕೊಸರಿಕೊಂಡಳು.

"ನಾನು ಹೋಗಲ್ಲಮ್ಮ. ಅಜ್ಜಿ ಅಲ್ಲಿ ಹಾಗೆ ಮಲಗಿರುವಾಗ ಪರೀಕ್ಷೆ ಹೇಗೆ ಬರೀಲಿ?"

ನಡುಮನೆಯಲ್ಲಿ ಟೈಲರಜ್ಜಿಯನ್ನು ಮಲಗಿಸಿದ್ದರು. ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಹಿಂದಿನ ಸಂಜೆಯಷ್ಟೇ ಮೊಮ್ಮಗಳ ಪಕ್ಕ ಕೂತು ಇದೇ ಗಣಿತ ಓದಿಸಿದ್ದಳು.

ಅಜ್ಜಿಯ ಅಣ್ಣ ಬಾಗಿಲಲ್ಲೇ ಸಿಡುಕಿದರು. "ಮಗು ಹೇಳೋದು ಸರಿಯಾಗೇ ಇದೆ. ಮನೇಲಿ ಸಾವಾಗಿದೆ, ಗಣಿತ ಎಲ್ಲಿ ಓಡಿಹೋಗುತ್ತೆ? ಮುಂದಿನ ವರ್ಷ ಕಟ್ಟಿದ್ರಾಯ್ತು. ಜನ ಏನಂತಾರೆ?"

"ಅಂದ್ಕೊಳ್ಲಿ ಬಿಡಿ ಮಾವ" ಎಂದಳು ತಾಯಿ, ರಿಬ್ಬನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.

*

ಈ ತಾಯಿಯೂ ಹುಡುಗಿಯಾಗಿದ್ದಾಗ ಒಂದು ಸಂಜೆ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಪುಸ್ತಕದ ರಾಶಿ ಹರಡಿಕೊಂಡು ಬಿಕ್ಕುತ್ತಿದ್ದಳು. ಪರೀಕ್ಷೆ ತಲೆಯ ಮೇಲೆ ಬಂದಿತ್ತು, ಯಾವುದನ್ನು ಮೊದಲು ಹಿಡಿಯಬೇಕೆಂದು ತೋಚುತ್ತಿರಲಿಲ್ಲ. ಅವಳಮ್ಮ, ಈಗಿನ ಟೈಲರಜ್ಜಿ, ಮಶೀನು ನಿಲ್ಲಿಸಿ ಎದ್ದಳು. ಆ ಪುಸ್ತಕಗಳ ತಲೆಬುಡ ಅವಳಿಗೆ ತಿಳಿಯದು. ಒಂದನ್ನು ಮಗಳ ಕೈಗಿಟ್ಟು, ಉಳಿದದ್ದನ್ನೆಲ್ಲ ಬಟ್ಟೆಯಡಿ ತುರುಕಿದಳು.

"ಇಡೀ ಬಟ್ಟೆ ಥಾನು ಒಟ್ಟಿಗೆ ನೋಡಿದ್ರೆ ನನಗೂ ಎಲ್ಲಿಂದ ಕತ್ತರಿಸೋದು ಅಂತ ತೋಚಲ್ಲ ಕಣೇ. ನಾನು ಈ ತೋಳು ಹೊಲಿಯೋ ತನಕ ನೀನು ಒಂದೇ ಪಾಠ ಓದು. ಆಮೇಲೆ ಪುಸ್ತಕ ಮುಚ್ಚಿ ನನಗೆ ಹೇಳು."

ಮಗಳು ಹೇಳಿದಳು.

"ತಿಳೀಲಿಲ್ಲ. ಬಿಡಿಸಿ ಹೇಳು."

ಬಿಡಿಸಿ ಹೇಳುವಾಗ ಮಗಳಿಗೇ ತಿಳಿಯಿತು. ಇಬ್ಬರೂ ಎದ್ದು ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದರು. ಬಂದು ಇನ್ನೊಂದು ತೋಳು, ಇನ್ನೊಂದು ಪಾಠ.

ಮಗಳು ಪಾಸಾದಳು. ಮರುವರ್ಷ ಪಕ್ಕದ ಮನೆಯ ಮಕ್ಕಳು ಬಂದು ಕೂತರು. ಬರಬರುತ್ತ ಗಿರಾಕಿಗಳಿಗೆ ಕಾಲಿಡಲು ಜಾಗವಿಲ್ಲದಾಯಿತು.

"ನನ್ನ ಅಂಗಿ ಯಾವಾಗಮ್ಮ?"

"ಇವನ ವಿಜ್ಞಾನ ಮುಗೀಲಿ, ಕೊಡ್ತೀನಿ."

*

ಶವದ ವ್ಯಾನಿನ ಚಾಲಕ ಒಳಬಂದು ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದ. ಆ ಅಂಗಡಿಯ ನೆಲದ ಮೇಲೆ ಕೂತು ಓದಿದವರಲ್ಲಿ ಅವನೂ ಒಬ್ಬ. ಮಾತುಕತೆ ಅವನ ಕಿವಿಗೂ ಬಿದ್ದಿತ್ತು.

"ಅಕ್ಕ, ಮಗು ಹೋಗ್ಲಿ. ಸ್ಮಶಾನದ ದಾರೀಲೇ ಶಾಲೆ ಇರೋದು. ಗೇಟಿನ ಹತ್ರ ಕಾಯೋಣ."

"ಹೆಣ ಇಟ್ಕೊಂಡು ಶಾಲೆ ಮುಂದೆ ನಿಲ್ಲೋದೇನಯ್ಯಾ?" ಎಂದರು ಅಣ್ಣ.

"ನಾನು ಪರೀಕ್ಷೆ ಬರೆದಾಗೆಲ್ಲ ಇವರು ಬಿಸಿಲಲ್ಲಿ ಅದೇ ಗೇಟಿನ ಹತ್ರ ಕಾದಿದ್ರು ಯಜಮಾನ್ರೇ. ಡುಮ್ಕಿ ಹೊಡೆದ ಸಲಾನೂ ಕಾದಿದ್ರು."

ಅಣ್ಣ ತಂಗಿಯ ಮುಖ ನೋಡಿದರು. ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ತಾಯಿ ಎರಡನೆಯ ಜಡೆಯನ್ನು ಬಿಗಿದು ಕಟ್ಟಿದಳು. "ಬರೋ ಲೆಕ್ಕ ಮೊದಲು ಮಾಡು. ಅಳೋದನ್ನ ಆಮೇಲೆ ಇಬ್ರೂ ಸೇರಿ ಅಳೋಣ."

ಹುಡುಗಿ ಅಜ್ಜಿಯ ತಣ್ಣನೆಯ ಕೈಯನ್ನು ಒಮ್ಮೆ ಹಿಡಿದು, ಬಿಟ್ಟು, ಹೊರಟಳು.

ಮಧ್ಯಾಹ್ನ ವ್ಯಾನು ಶಾಲೆಯ ಗೇಟಿನೆದುರು ನಿಂತಿತು. ಸುದ್ದಿ ತಿಳಿದು ಅಂಗಡಿಯಲ್ಲಿ ಓದಿದ ಹಳೆಯ ಮಕ್ಕಳೂ ಬಂದು ಕೂಡಿಕೊಂಡಿದ್ದರು: ಆಸ್ಪತ್ರೆಯ ನರ್ಸು, ಗ್ಯಾರೇಜಿನವನು, ಮಗುವನ್ನು ಎತ್ತಿಕೊಂಡ ಪೊಲೀಸಿನವಳು. ಗಂಟೆ ಹೊಡೆಯಿತು. ಎಲ್ಲರಿಗಿಂತ ಮೊದಲು ಓಡಿಬಂದವಳು ಮೊಮ್ಮಗಳು.

"ಹೇಗಾಯ್ತೇ?" ಎಂದು ಕೇಳಿದವರು ಅಣ್ಣನೇ.

"ಕೊನೇ ಲೆಕ್ಕಾನೂ ಬಂತು ತಾತ! ಪೂರ್ತಿ ಬಂತು!" ಎಂದವಳು ವ್ಯಾನಿನ ಕಡೆ ತಿರುಗಿದಳು. ತಾಯಿ ಬಾಚಿ ತಬ್ಬಿಕೊಂಡಳು. ಕೊಟ್ಟ ಮಾತಿನಂತೆ ಇಬ್ಬರೂ ಸೇರಿ ಅತ್ತರು.

ವ್ಯಾನು ನಡಿಗೆಯ ವೇಗದಲ್ಲಿ ಹೊರಟಿತು. ಅಂಗಡಿಯಲ್ಲಿ ಕೂತು ಓದುತ್ತಿದ್ದ ಮಕ್ಕಳೆಲ್ಲ ಪರೀಕ್ಷೆ ಮುಗಿಸಿ ಹಿಂದೆ ಬಂದರು. ರಸ್ತೆ ತುಂಬ ಸಮವಸ್ತ್ರ. ಮೊದಮೊದಲು ಎಲ್ಲರದೂ ತಗ್ಗಿದ ತಲೆ. ತಿರುವಿನಲ್ಲಿ ಯಾರೋ ಪಿಸುಗುಟ್ಟಿದರು.

"ಕೊನೇ ಲೆಕ್ಕದಲ್ಲಿ ಗೋಪುರದ ಎತ್ತರ ಎಷ್ಟು ಬಂತೋ?"

"ಹದಿನೈದು."

"ಛೆ, ಇಪ್ಪತ್ತು ಕಣೋ!"

ಪಿಸುಮಾತು ಜೋರಾಗಿ, ಜಗಳವಾಯಿತು. ದಾರಿಹೋಕರೊಬ್ಬರು ಗದರಲು ಬಂದರೆ ಅಣ್ಣ ಕೈಯೆತ್ತಿ ಅವರನ್ನೇ ತಡೆದರು. ಮೊಮ್ಮಗಳು ಮೂಗೊರೆಸಿಕೊಂಡು ಗುಂಪಿನ ಮುಂದಕ್ಕೆ ಬಂದಳು. ಬೆನ್ನನ್ನು ವ್ಯಾನಿಗೆ ಕೊಟ್ಟು, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ, ಗಾಳಿಯಲ್ಲಿ ಬೆರಳಿನಿಂದ ದೊಡ್ಡ ತ್ರಿಕೋನ ಬರೆದು, ಎಲ್ಲರಿಗೂ ಆ ಲೆಕ್ಕ ಹೇಳಿಕೊಡತೊಡಗಿದಳು.