ರಟ್ಟಿಲ್ಲದ ಪುಸ್ತಕ

ಆ ಪುಸ್ತಕಕ್ಕೆ ರಟ್ಟಿರಲಿಲ್ಲ. ಮೊದಲಿನ ಕೆಲವು ಹಾಳೆಗಳೂ ಹೋಗಿದ್ದವು. ಹೆಸರೇನು, ಬರೆದವರು ಯಾರು, ಒಂದೂ ಗೊತ್ತಿಲ್ಲ. ಕಥೆ ಒಂದು ವಾಕ್ಯದ ನಡುವಿನಿಂದಲೇ ಶುರುವಾಗುತ್ತಿತ್ತು. 'ಬೆಕ್ಕು' ಎಂಬ ಹಳೆ ಸಾಮಾನಿನ ಅಂಗಡಿಯ ಬಾಗಿಲಲ್ಲಿಟ್ಟ ಪೆಟ್ಟಿಗೆಯಿಂದ ವಿಲ್ಫ್ ಅದನ್ನು ಎತ್ತಿಕೊಂಡಾಗ ಅಂಗಡಿಯಾಕೆ, "ತಲೆ ಇಲ್ಲದ್ದಕ್ಕೆ ಏನಂತ ದುಡ್ಡು ಕೇಳ್ಲಿ? ಹಾಗೇ ತಗೊಂಡ್ಹೋಗಿ," ಎಂದಿದ್ದಳು.

ಇಂಗ್ಲೆಂಡಿನ ಕಡಲ ದಂಡೆಯ ಊರು ಮೋರ್ಕಮ್‌ನ ಪೇಟೆ ಬೀದಿಯಲ್ಲಿ ಇಂಥ ಅಂಗಡಿಗಳು ಸಾಲಾಗಿವೆ. ಜನ ದಾನ ಕೊಟ್ಟ ಬಟ್ಟೆ, ಪಿಂಗಾಣಿ, ಪುಸ್ತಕ ಮಾರಿ ಒಂದು ಅಂಗಡಿ ಬೀದಿ ಬೆಕ್ಕುಗಳನ್ನು ಸಾಕುತ್ತದೆ, ಇನ್ನೊಂದು ಹೃದ್ರೋಗಿಗಳಿಗೆ ನೆರವಾಗುತ್ತದೆ, ಮತ್ತೊಂದು ಕಡಲಲ್ಲಿ ಸಿಕ್ಕಿಬಿದ್ದವರಿಗೆ ದೋಣಿ ಕಳಿಸುತ್ತದೆ. ಉದ್ದುದ್ದ ಹೆಸರು ಹೇಳುವ ವ್ಯವಧಾನ ಊರಿನಲ್ಲಿ ಯಾರಿಗೂ ಇಲ್ಲ. 'ಬೆಕ್ಕು', 'ಹೃದಯ', 'ದೋಣಿ' ಎಂದರೆ ಸಾಕು. ವಿಲ್ಫ್ ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಅವನೂ ಹೆಂಡತಿ ಐವಿಯೂ ಶನಿವಾರ ಬೆಳಿಗ್ಗೆ ಬೆಕ್ಕಿನಿಂದ ಶುರುಮಾಡಿ ದೋಣಿಯವರೆಗೆ ಪುಸ್ತಕ ಹುಡುಕಿಕೊಂಡು ಹೋಗುವುದು ರೂಢಿಯಾಗಿತ್ತು. ಐವಿ ವಾರಕ್ಕೆರಡು ಬೆಳಿಗ್ಗೆ 'ಹೃದಯ'ದಲ್ಲಿ ಸಂಬಳವಿಲ್ಲದೆ ಕೆಲಸವನ್ನೂ ಮಾಡುತ್ತಿದ್ದಳು.

ಈಗ ವಿಲ್ಫ್‌ಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಅವನ ಹಾಸಿಗೆಯನ್ನು ಕೆಳಗಿನ ಮುಂಗೋಣೆಗೆ ಇಳಿಸಿದ್ದರು. ಕಣ್ಣು ಎರಡು ವರ್ಷದ ಹಿಂದೆಯೇ ಮಂಜಾಗಿ ಕಿಟಕಿ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಈಗ ಹೃದಯವೂ ಸೋತಿತ್ತು. ಡಾಕ್ಟರು ಬಾಗಿಲ ಬಳಿ ನಿಂತು ಐವಿಗೆ, "ನೋವಾಗದ ಹಾಗೆ ನೋಡಿಕೊಳ್ಳಿ, ಅಷ್ಟೆ," ಎಂದು ಹೇಳಿ ಹೋಗಿದ್ದರು. ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

"ನಾನು ಹೋದ್ಮೇಲೆ ನನ್ನ ಹೃದಯಾನ ನಿಮ್ಮಂಗಡಿಗೇ ಕೊಟ್ಬಿಡೇ ಮುದುಕಿ," ಎಂದು ಅವನು ಒಮ್ಮೆ ನಕ್ಕಿದ್ದ. "ಆದ್ರೆ ಯಾರೂ ಕೊಳ್ಳಲ್ಲ. ಪೂರ್ತಿ ಸವೆದಿದೆ."

"ಸುಮ್ನಿರು ಮಾರಾಯ," ಎಂದು ಅವಳು ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೆ ಜೋರಾಗಿ ಉಜ್ಜಿದ್ದಳು. ಆ ಮಾತು ಅಲ್ಲಿಗೇ ನಿಂತಿತ್ತು.

ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಅವಳು ಆ ರಟ್ಟಿಲ್ಲದ ಪುಸ್ತಕವನ್ನು ಅವನಿಗೆ ಓದಿ ಹೇಳುತ್ತಿದ್ದಳು. ಕಥೆಯಲ್ಲಿ ಟ್ಯಾಮ್ಸಿನ್ ಎಂಬ ಮೀನುಗಾರರ ಹುಡುಗಿ. ಅವಳ ಅಪ್ಪ ಕಡಲಿಗೆ ಹೋದವನು ಬಂದಿಲ್ಲ. ಹುಡುಗಿ ಚಿಕ್ಕ ದೋಣಿಯಲ್ಲಿ ಒಬ್ಬಳೇ ಅವನನ್ನು ಹುಡುಕಿ ಹೊರಟಿದ್ದಾಳೆ. ಸೋಮವಾರ ಓದು ನಿಂತದ್ದು ಒಂದು ದ್ವೀಪದ ಮುದುಕಿಯ ಮನೆಯಲ್ಲಿ: ಬಾಗಿಲ ಹಿಂದಿನ ಮೊಳೆಯಲ್ಲಿ ಟ್ಯಾಮ್ಸಿನ್ ತನ್ನ ಅಪ್ಪನ ಕೋಟನ್ನು ಕಂಡಳು. ಅಧ್ಯಾಯ ಅಲ್ಲಿಗೆ ಮುಗಿದಿತ್ತು.

"ಇದ್ದಾನೋ ಇಲ್ವೋ ಅವನು?" ವಿಲ್ಫ್ ದಿಂಬಿನಿಂದ ತಲೆಯೆತ್ತಿದ.

"ನಾಳೆ ಗೊತ್ತಾಗತ್ತೆ."

"ಮುಂದೆ ಕದ್ದು ಓದ್ಬೇಡ. ನಿನ್ನ ಬುದ್ಧಿ ನಂಗೊತ್ತು."

ಆದರೆ ಐವಿಗೆ ಅದೇ ಯೋಚನೆ. ಇನ್ನು ಉಳಿದದ್ದು ಮೂರು ನಾಲ್ಕು ಅಧ್ಯಾಯ. ಆ ಅಪ್ಪ ಸತ್ತಿದ್ದರೆ? ಹಾಸಿಗೆ ಹಿಡಿದವನ ಪಕ್ಕದಲ್ಲಿ ಕೂತು ಅದನ್ನು ಬಾಯಿಬಿಟ್ಟು ಓದುವುದು ಹೇಗೆ? ಮೊದಲೇ ತಿಳಿದರೆ ಆ ಪುಟ ಹಾರಿಸಬಹುದು, ಮಾತು ಬದಲಿಸಬಹುದು. ಮರುದಿನ ಪಕ್ಕದ ಮನೆಯ ಎಲ್ಸಿಯನ್ನು ವಿಲ್ಫ್ ಬಳಿ ಕೂರಿಸಿ ಅಂಗಡಿಗೆ ಹೊರಟಾಗ, ಟೀ ಕುಡಿಯುವ ಹೊತ್ತಿನಲ್ಲಿ ಇಣುಕಿ ನೋಡೋಣವೆಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಅಂಗಡಿಯ ಹಿಂಗೋಣೆಯಲ್ಲಿ, ದಾನ ಬಂದ ಸಾಮಾನು ವಿಂಗಡಿಸುವ ಮೇಜಿನ ಮೇಲೆ ಪುಸ್ತಕವಿಟ್ಟು ಕೋಟು ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಅಂಗಡಿ ನೋಡಿಕೊಳ್ಳುವ ಡೋರೀನ್ ಮುಂದಿನಿಂದ ಕೂಗಿದಳು: "ಐವಿ, ಬಾರೇ ಸ್ವಲ್ಪ, ಗಲ್ಲಾ ಮತ್ತೆ ಹಟ ಹಿಡಿದು ಕೂತಿದೆ!" ಗಲ್ಲಾಪೆಟ್ಟಿಗೆಯ ಡ್ರಾಯರು ತೆರೆದು, ಸಾಲು ನಿಂತವರನ್ನು ಕಳಿಸಿ ಅವಳು ಹಿಂದಕ್ಕೆ ಬಂದಾಗ ಮೇಜು ಒರೆಸಿಟ್ಟ ಹಾಗಿತ್ತು. ಹೊಸದಾಗಿ ಸೇರಿದ ಕಾನಿ ಕೈ ಝಾಡಿಸಿಕೊಳ್ಳುತ್ತಿದ್ದಳು.

"ಇಲ್ಲೊಂದು ಪುಸ್ತಕ ಇತ್ತಲ್ಲ ಕಾನಿ?"

"ಎಷ್ಟೋ ಇದ್ವು ಕಣಮ್ಮ. ಚೆನ್ನಾಗಿರೋದಕ್ಕೆಲ್ಲ ಚೀಟಿ ಅಂಟಿಸಿ ಕಪಾಟಿಗೆ ಹಾಕ್ದೆ."

"ರಟ್ಟಿಲ್ಲದ್ದು."

"ರಟ್ಟಿಲ್ಲದ್ದು ರದ್ದಿ ಚೀಲಕ್ಕೆ ಅಂತ ನೀವೇ ಹೇಳಿಕೊಟ್ರಲ್ಲ? ಹಾಕ್ದೆ. ಈಗಷ್ಟೇ ವ್ಯಾನು ಬಂದು ತಗೊಂಡು ಹೋಯ್ತು." ಕಾನಿಯ ಮುಖದಲ್ಲಿ ಮೆಚ್ಚುಗೆಗೆ ಕಾಯುವ ನಗೆಯಿತ್ತು. ಐವಿಯ ಮುಖ ನೋಡಿ ಅದು ಮೆಲ್ಲಗೆ ಆರಿತು. "ಯಾಕೆ? ಏನಾಯ್ತು? ಅಯ್ಯೋ, ನಾನೇನು ಮಾಡ್ಬಿಟ್ಟೆ?"

ನಿಯಮ ಹೇಳಿಕೊಟ್ಟವಳು ತಾನೇ. ಬೈಯುವುದು ಯಾರನ್ನು? ಡೋರೀನ್ ರದ್ದಿಯವರಿಗೆ ಫೋನು ಮಾಡಿದಳು. ಆ ಕಡೆಯ ಗಂಡಸು, "ಊರೂರಿನ ರದ್ದಿ ಗುಡ್ಡದ ಹಾಗೆ ಬಿದ್ದಿದೆ ತಾಯಿ. ಒಂದು ಪುಸ್ತಕಾನ? ಹೆಸರೇನು ಅದಕ್ಕೆ?" ಎಂದು ಕೇಳಿದ. ಹೆಸರೇ ಇಲ್ಲದ್ದಕ್ಕೆ ಏನು ಹೇಳುವುದು?

ಐವಿ ಎಪ್ರನ್ ಬಿಚ್ಚಿ ಬೀದಿಗಿಳಿದಳು. ಅದೇ ಕಥೆಯ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು. 'ಬೆಕ್ಕಿ'ನಲ್ಲಿ ಕೇಳಿದಳು, 'ದೋಣಿ'ಯಲ್ಲಿ ಕೇಳಿದಳು. "ಒಬ್ಬ ಹುಡುಗಿ. ಅಪ್ಪನ್ನ ಹುಡುಕ್ಕೊಂಡು ದೋಣೀಲಿ ಹೋಗ್ತಾಳೆ."

"ಬರೆದವರು ಯಾರಮ್ಮ?"

"ಗೊತ್ತಿಲ್ಲ."

"ರಟ್ಟು ಯಾವ ಬಣ್ಣ?"

"ರಟ್ಟಿರ್ಲಿಲ್ಲ."

'ದೋಣಿ'ಯವನು ತಲೆ ಕೆರೆದುಕೊಂಡ. "ಅಪ್ಪ ಸಿಗ್ತಾನಾ ಕೊನೆಗೆ? ಅದಾದ್ರೂ ಹೇಳಿ."

"ಅದು ಗೊತ್ತಾಗ್ಲಿ ಅಂತಾನೇ ಹುಡುಕ್ತಿರೋದು," ಎಂದಳು ಐವಿ.

ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಅಷ್ಟೇ ಅಗಲದ, ಅಷ್ಟೇ ದಪ್ಪದ, ಅದೇ ಹಳೆಯ ಕಮಟು ವಾಸನೆಯ ಒಂದು ಪುಸ್ತಕ ಕೊಂಡಳು. ಕೋಳಿ ಸಾಕಣೆಯದ್ದು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ವಿಲ್ಫ್ ಮುಟ್ಟಿ ನೋಡಿದರೂ ತಿಳಿಯದ ಹಾಗೆ ಅದರ ರಟ್ಟನ್ನು ಹರಿದಳು. ಎಷ್ಟೋ ಹರಕು ಪುಸ್ತಕಗಳಿಗೆ ಅಂಟು ಹಚ್ಚಿ ಬಟ್ಟೆ ಸುತ್ತಿದ ಕೈ ಅದು. ಹರಿಯುವ ಸದ್ದಿಗೆ ತಾನೇ ಬೆಚ್ಚಿದಳು.

ಅಂದು ಮಧ್ಯಾಹ್ನ ಅವಳು ಹುಂಜಗಳ ಚಿತ್ರ ನೋಡುತ್ತ ಕಡಲಿನ ಕಥೆ ಓದಿದಳು. ಅಂದರೆ ಕಟ್ಟಿದಳು. ಜೀವಮಾನದಲ್ಲಿ ಕಥೆ ಕಟ್ಟಿದವಳಲ್ಲ. ಸುಳ್ಳು ಹೇಳಿದರೆ ಕುತ್ತಿಗೆ ಕೆಂಪಾಗುವ ಹೆಂಗಸು. ಅವನಿಗೆ ಕಾಣದಿರುವುದೇ ಅವಳ ಪುಣ್ಯ. ದ್ವೀಪದ ಮುದುಕಿ ಟ್ಯಾಮ್ಸಿನ್‌ಗೆ ಹೇಳಿದಳು: ನಿನ್ನಪ್ಪ ಬಂದಿದ್ದ, ಕೋಟು ಒಣಗಲು ಬಿಟ್ಟು ಪಕ್ಕದ ದ್ವೀಪಕ್ಕೆ ಹೋದ. ಹುಡುಗಿ ಅಲ್ಲಿಗೆ ಹೋದಳು. ಅಲ್ಲಿ ಹಡಗು ಕಟ್ಟುವವನು ಹೇಳಿದ: ಹೌದು, ಮೊನ್ನೆ ಇದ್ದ, ಈಗ ದೀಪಸ್ತಂಭದ ಕಡೆ ಹೋದ. ಪುಟ ಮಗುಚುವುದನ್ನು ಮರೆಯಬಾರದೆಂದು ಐವಿ ಆಗಾಗ ಹೆಬ್ಬೆರಳಿಗೆ ಎಂಜಲು ಹಚ್ಚಿ ಒಂದೊಂದು ಹಾಳೆ ತಿರುವುತ್ತಿದ್ದಳು.

ಬುಧವಾರವೂ ಹಾಗೇ. ಗುರುವಾರವೂ ಹಾಗೇ. ಆಲೂಗಡ್ಡೆ ಸುಲಿಯುವಾಗ, ಹೊದಿಕೆ ಒಗೆಯುವಾಗ, ಅವನ ಕಾಲಡಿಯ ಬಿಸಿನೀರಿನ ಚೀಲ ತುಂಬುವಾಗ ಅವಳ ತಲೆಯಲ್ಲಿ ಒಂದೇ ಲೆಕ್ಕಾಚಾರ: ಇವತ್ತು ಆ ಅಪ್ಪನನ್ನು ಎಲ್ಲಿಗೆ ಕಳಿಸಲಿ? ಅವನು ಸಿಕ್ಕಿಬಿಟ್ಟರೆ ಕಥೆ ಮುಗಿಯುತ್ತದೆ. ಸಿಗದೇ ಹೋದರೆ ಸತ್ತ ಎನ್ನಬೇಕಾಗುತ್ತದೆ. ಎರಡೂ ಅವಳಿಗೆ ಬೇಡವಾಗಿತ್ತು. ವಿಲ್ಫ್ ದಿನದಿಂದ ದಿನಕ್ಕೆ ಕಡಿಮೆ ಉಣ್ಣುತ್ತಿದ್ದ. ಸೂಪಿನ ಚಮಚ ತುಟಿಯವರೆಗೆ ಬಂದು ಹಿಂದೆ ಹೋಗುತ್ತಿತ್ತು. ಆದರೂ ಓದುವ ಹೊತ್ತಿಗೆ ಎಚ್ಚರವಾಗಿರುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಅಂಗಡಿಯಿಂದ ಬಂದು, ಎಲ್ಸಿಯನ್ನು ಕಳಿಸಿ, ಊಟದ ನಂತರ ಅವಳು ಪುಸ್ತಕ ತೆರೆದಳು. "'ದೀಪಸ್ತಂಭದ ಕಾವಲುಗಾರ ಟ್ಯಾಮ್ಸಿನ್‌ಳನ್ನು ಒಳಗೆ ಕರೆದು ಕೂರಿಸಿದ. ಕೆಟಲು ಒಲೆಯ ಮೇಲಿಟ್ಟ...'"

"ಐವಿ."

"ಹ್ಞೂಂ?"

"ಕೋಳಿಗಳು ಹೇಗಿದಾವೆ?"

ಅವಳ ಬೆರಳು ಪುಟದ ಮೇಲೆ ನಿಂತಿತು.

"ಎಲ್ಸಿ ಬೆಳಿಗ್ಗೆ, ನಾನೇ ಒಂದೆರಡು ಪುಟ ಓದ್ತೀನಿ ಅಂದ್ಲು," ವಿಲ್ಫ್ ಉಸಿರಿಗಾಗಿ ತಡೆತಡೆದು ಹೇಳಿದ. "ಮೊಟ್ಟೆ ಇಡೋ ಕೋಳಿಗೆ ಚಿಪ್ಪಿನ ಪುಡಿ ಹಾಕ್ಬೇಕಂತೆ. ಪಾಪ, ಅವಳು ಪೂರ್ತಿ ಅಧ್ಯಾಯ ಓದಿ ಮುಗಿಸಿದ್ಲು. ನಾನೂ ಸುಮ್ನೆ ಕೇಳ್ದೆ."

"ವಿಲ್ಫ್, ನಾನು..."

"ಅದಕ್ಕೂ ಮುಂಚೇನೇ ಗೊತ್ತಿತ್ತು ಬಿಡು. ಆ ಪುಸ್ತಕ ಬರೆದವನು ಅಷ್ಟುದ್ದದ ಕಥೇಲಿ ಯಾರಿಗೂ ಒಂದು ಲೋಟ ನೀರು ಕೊಟ್ಟಿರ್ಲಿಲ್ಲ. ಮಂಗಳವಾರದಿಂದ ನೋಡ್ತೀನಿ, ಹೋದ ಹೋದಲ್ಲೆಲ್ಲ ಆ ಹುಡುಗೀನ ಕೂರಿಸಿ ಟೀ ಕುಡಿಸ್ತಾರೆ."

ಐವಿ ನಗಲು ಹೋದಳು. ಆಗಲಿಲ್ಲ. ಕಾನಿ ಮಾಡಿದ್ದನ್ನು, ಅದಕ್ಕಿಂತ ಮೊದಲು ತಾನು ಪುಸ್ತಕವನ್ನು ಅಂಗಡಿಗೆ ಒಯ್ದ ಕಾರಣವನ್ನು ಹೇಳಿದಳು. ಆ ಅಪ್ಪ ಸತ್ತಿದ್ದರೆ ಆ ಪುಟ ಹಾರಿಸಬೇಕೆಂದಿದ್ದೆ ಎನ್ನುವಾಗ ಅವಳ ದನಿ ಕುಗ್ಗಿತು.

ವಿಲ್ಫ್ ಕೈ ಚಾಚಿ ಹೊದಿಕೆಯ ಮೇಲೆ ತಡಕಾಡಿದ. ಅವಳು ತನ್ನ ಕೈ ಕೊಟ್ಟಳು.

"ನೀನು ಅವನನ್ನ ಮುಂದಿನ ಮನೆ, ಮುಂದಿನ ಮನೆ ಅಂತ ಓಡಿಸ್ತಾನೇ ಇದೀಯ," ಎಂದ. "ಅವನಿಗೆ ಸುಸ್ತಾಗಿದೆ ಕಣೇ."

ಕಿಟಕಿಯಾಚೆ ಕಡಲು ಇಳಿದು ಕೊಲ್ಲಿಯ ಕೆಸರು ಬಯಲು ದೂರದವರೆಗೆ ಹೊಳೆಯುತ್ತಿತ್ತು. ಐವಿ ಅದನ್ನೇ ನೋಡಿದಳು.

"ಅವನು ಹೋಗ್ಬಿಟ್ಟ ಅಂತ ಹುಡುಗಿಗೆ ಹೇಳ್ಬಿಡು."

"ನಾನು ಹೇಳಲ್ಲ."

"ಯಾರಾದ್ರೂ ಹೇಳ್ಬೇಕಲ್ಲ."

"ಹೇಳಿದ್ರೆ ಅವಳೇನು ಮಾಡ್ತಾಳೆ? ಒಬ್ಬಳೇ?"

"ನಂಗೂ ಅದೇ ಬೇಕಾಗಿರೋದು. ಒಬ್ಬಳೇ ಏನು ಮಾಡ್ತಾಳೆ ಅಂತ. ಅದನ್ನ ಹೇಳು. ಕೇಳದೇ ಹೇಗೆ..." ವಾಕ್ಯ ಮುಗಿಸುವಷ್ಟು ಉಸಿರು ಅವನಲ್ಲಿರಲಿಲ್ಲ.

ಐವಿ ಕೋಳಿ ಪುಸ್ತಕವನ್ನು ಮುಚ್ಚಿ ನೆಲದ ಮೇಲಿಟ್ಟಳು. ಎಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. ಅವನು ಕಾದ.

"ದೀಪಸ್ತಂಭದವನು ಹೇಳ್ದ," ಎಂದಳು ಕೊನೆಗೆ. "ಅಪ್ಪ ಹೋಗ್ಬಿಟ್ಟ ಅಂತ. ನೋವಾಗ್ಲಿಲ್ಲ ಅಂತ."

"ಹ್ಞಾಂ. ಅತ್ಳಾ?"

"ಅತ್ಲು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ಲು. ಕಾವಲುಗಾರ ಏನು ಮಾಡ್ಬೇಕೋ ತಿಳೀದೆ ಸುಮ್ನೆ ನಿಂತಿದ್ದ."

"ಗಂಡಸ್ರಿಗೆ ಏನು ತಿಳಿಯತ್ತೆ. ಆಮೇಲೆ?"

"ಆಮೇಲೆ ದೋಣಿ ಹತ್ತಿದ್ಲು. ಊರಿನ ಕಡೆ." ಐವಿ ಹುಡುಗಿಯ ಕೈಲಿ ದೋಣಿಯ ಹುಟ್ಟು ಹಾಕಿಸಿದಳು. ಗಾಳಿ ಬಂತು, ನಿಂತಿತು. ಕಡಲಹಕ್ಕಿಗಳು ಬಂದವು. ಮತ್ತೆ ಗಾಳಿ ಬಂತು. ದಡ ಕಂಡಿತು, ಮಂಜು ಮುಸುಕಿ ಮತ್ತೆ ಮರೆಯಾಯಿತು.

"ಎಷ್ಟು ಹೊತ್ತು ನೀರಲ್ಲೇ ಕೂರಿಸ್ತೀಯೇ?" ವಿಲ್ಫ್ ಕಣ್ಣು ಮುಚ್ಚಿಕೊಂಡೇ ಹೇಳಿದ. "ಹುಡುಗಿಗೆ ಚಳಿಯಾಗತ್ತೆ. ದಡ ಹತ್ತಿಸು."

ಅವಳು ತುಟಿ ಕಚ್ಚಿಕೊಂಡು ದಡ ಹತ್ತಿಸಿದಳು.

"ದೋಣೀನ ಒಬ್ಬಳೇ ಎಳೆದ್ಲಾ?"

"ಇಲ್ಲ. ಪಕ್ಕದ ಮನೆಯವಳನ್ನ ಕೂಗಿ ಕರೆದ್ಲು."

"ಒಳ್ಳೇದು. ಕರೀಬೇಕು. ನಾಚಿಕೆ ಪಟ್ಕೋಬಾರ್ದು. ಮನೇಲಿ ಒಲೆ?"

"ಹಚ್ಚಿದ್ಲು."

"ಕಲ್ಲಿದ್ದಲು ಯಾರು ಹೊತ್ತು ತಂದ್ರು?"

"ಅವಳೇ. ಅರ್ಧರ್ಧ ಬಕೆಟ್ಟು. ಪೂರ್ತಿ ತುಂಬ್ಕೊಳ್ಳಲ್ಲ, ಸೊಂಟ ಹಿಡಿಯತ್ತೆ."

ಅವನ ಬೆರಳುಗಳು ಅವಳ ಕೈಯನ್ನು ಸ್ವಲ್ಪ ಒತ್ತಿದವು. "ಊಟ ಮಾಡಿದ್ಲಾ?"

"ಮಾಡಿದ್ಲು. ಆಲೂಗಡ್ಡೆ, ಒಂದು ಮೊಟ್ಟೆ."

"ನಿಜ ಹೇಳು."

"ಅವತ್ತು ಮಾಡ್ಲಿಲ್ಲ," ಎಂದಳು ಐವಿ. "ಅವತ್ತು ಹಾಗೇ ಮಲಗಿದ್ಲು. ಮಾರನೇ ದಿನ ಮಾಡಿದ್ಲು."

"ಹ್ಞೂಂ. ಅದು ಸರಿ." ಅವನು ಸಮಾಧಾನವಾದವನ ಹಾಗೆ ತಲೆಯನ್ನು ದಿಂಬಿಗೆ ಒರಗಿಸಿದ. "ಶನಿವಾರ?"

"ಶನಿವಾರ ಏನು?"

"ಶನಿವಾರ ಪೇಟೆಗೆ ಹೋಗ್ತಾಳಾ? ಮನೇಲೇ ಮುದುರಿ ಕೂತ್ಬಿಡ್ತಾಳಾ?"

ಇಬ್ಬರೂ ನಡೆದ ಬೀದಿಯಲ್ಲಿ ಒಬ್ಬಳೇ ನಡೆಯುವ ಹುಡುಗಿಯನ್ನು ಎಷ್ಟು ಪ್ರಯತ್ನಪಟ್ಟರೂ ಐವಿಯ ಮನಸ್ಸು ಮುಂದಕ್ಕೆ ಹೆಜ್ಜೆ ಹಾಕಿಸಲೊಲ್ಲದು.

"ಹೋಗ್ತಾಳೆ," ಎಂದಳು. "ಮೊದಲು ಮೊದಲು ಹೋಗಲ್ಲ. ಆಮೇಲೆ ಹೋಗ್ತಾಳೆ."

"ಹೋಗ್ಲಿ. ಸಾಕು, ಅಲ್ಲಿಗೆ ಮುಗಿಸು." ಅವನ ಮಾತು ತೊದಲತೊಡಗಿತ್ತು. "ಚೆನ್ನಾಗಿತ್ತು ಕಣೇ. ಪುಸ್ತಕದವನಿಗಿಂತ ಚೆನ್ನಾಗಿತ್ತು."

ಅವನಿಗೆ ನಿದ್ದೆ ಹತ್ತಿತು. ಉಸಿರು ಒಮ್ಮೆ ಎಳೆದು, ತಡೆದು, ಮತ್ತೆ ಎಳೆಯುತ್ತಿತ್ತು. ಹೊರಗೆ ಹಗ್ಗದ ಮೇಲೆ ಒಗೆದ ಹೊದಿಕೆಗಳಿದ್ದವು, ಮೋಡ ಕವಿಯುತ್ತಿತ್ತು, ಒಳಗೆ ತರಬೇಕಿತ್ತು. ಏಳಬೇಕು ಎಂದುಕೊಂಡಳು ಐವಿ. ಹುಡುಗಿ ಎದ್ದಳು, ಒಲೆ ಹಚ್ಚಿದಳು, ಉಂಡಳು ಎಂದು ಈಗಷ್ಟೇ ತಾನೇ ಹೇಳಿದ್ದಳು. ಆದರೆ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲು ಅವಳಿಂದ ಆಗಲಿಲ್ಲ. ಮೊದಲ ಹನಿಗಳು ಗಾಜಿನ ಮೇಲೆ ಬಿದ್ದವು. ಅವಳು ಕೂತೇ ಇದ್ದಳು.